ಗಿಡ ಕೊಡಿ, ಮಣ್ಣು ಕೊಡಬೇಡಿ

ಪ್ರಶ್ನೆ: ನಮ್ಮದು ಕುಂದಾಪುರ ಕಡೆ. ಮದುವೆಯಾದಾಗಿನಿಂದ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇನೆ. ಎರಡನೇ ಮಹಡಿಯ ಫ್ಲ್ಯಾಟ್, ದಕ್ಷಿಣಕ್ಕೆ ಬಾಲ್ಕನಿ, ಅಡುಗೆಮನೆ ಕಿಟಕಿಗೆ ಗ್ರಿಲ್. ಊರಿನಿಂದ ತಂದ ಮಲ್ಲಿಗೆ, ಬಸಳೆ, ಅಬ್ಬಲಿಗೆ, ದೊಡ್ಡಪತ್ರೆ, ಕರಿಬೇವು ಎಲ್ಲ ಕುಂಡದಲ್ಲಿವೆ. ನಮ್ಮ ಸೊಸೈಟಿಯಲ್ಲಿ ಒಬ್ಬರಿಗೊಬ್ಬರು ಗಿಡ ಕೊಟ್ಟು ತೆಗೆದುಕೊಳ್ಳುವ ರೂಢಿ ಇದೆ. ಹೋದ ವರ್ಷ ಮೇ ತಿಂಗಳಲ್ಲಿ ಊರಿಂದ ಬಂದ ಕೂಡಲೇ ಮಲ್ಲಿಗೆಯ ಗೆಲ್ಲುಗಳನ್ನು ನಾಲ್ಕು ಮನೆಗೆ ಕೊಟ್ಟೆ. ಮೂರು ಕಡೆ ಒಣಗಿ ಹೋಯಿತು. ಎದುರಿನ ಫ್ಲ್ಯಾಟಿನಲ್ಲಿ ಬದುಕಿದೆ, ಆದರೆ ಹೂ ಬಿಡುವುದಿಲ್ಲ. ಪಕ್ಕದ ಮನೆಯವರು ಕೊಟ್ಟ ದಾಸವಾಳದಿಂದ ಹತ್ತಿಯಂಥ ಬಿಳಿ ಹುಳ ಬಂದು ನನ್ನ ಅರ್ಧ ಗಿಡಗಳು ಹಾಳಾದವು. ಅವರ ಹತ್ತಿರ ಹೇಳಲೂ ಮನಸ್ಸು ಬರಲಿಲ್ಲ. ಇನ್ನು ಕೊಡುವುದೂ ಬೇಡ, ತರುವುದೂ ಬೇಡ ಎನ್ನುತ್ತಾರೆ ನಮ್ಮ ಮನೆಯವರು. ನೀವೇನು ಹೇಳುತ್ತೀರಿ? ಊರಿಂದ ಮಟ್ಟು ಗುಳ್ಳ ಬದನೆಯ ಬೀಜ ತರುವ ಆಸೆಯೂ ಇದೆ. ದುಬೈಯಲ್ಲಿರುವ ಮಗಳು ಅಲ್ಲಿಂದ ಹೂವಿನ ಗಿಡ ತರಲಾ ಅಂತ ಕೇಳುತ್ತಾಳೆ.

ಉತ್ತರ: ಕೊಡುವುದನ್ನು ನಿಲ್ಲಿಸಬೇಡಿ, ತರುವುದನ್ನೂ ನಿಲ್ಲಿಸಬೇಡಿ. ನಿಮ್ಮ ಮನೆಯವರ ಬೇಸರ ನನಗೆ ಅರ್ಥವಾಗುತ್ತದೆ. ಆಸೆಯಿಂದ ಸಾಕಿದ ಗಿಡಗಳು ಕಣ್ಣೆದುರೇ ಹೋದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ನಿಮ್ಮ ಕಾಗದ ಓದಿದರೆ ಎಲ್ಲೆಲ್ಲಿ ಎಡವಟ್ಟಾಗಿದೆ ಎನ್ನುವುದು ಸ್ಪಷ್ಟವಾಗಿ ಕಾಣುತ್ತದೆ. ಬೇರು ಬಿಡದ ಗೆಲ್ಲು ಕೊಟ್ಟಿದ್ದೀರಿ. ಅದೂ ಮೇ ತಿಂಗಳ ಬಿಸಿಲಿನಲ್ಲಿ. ಆಮೇಲೆ ಹೊರಗಿನಿಂದ ಬಂದ ದಾಸವಾಳವನ್ನು ಅದೇ ದಿನ ನಿಮ್ಮ ಗಿಡಗಳ ಪಕ್ಕದಲ್ಲಿ ಇಟ್ಟಿದ್ದೀರಿ. ಎಲ್ಲವನ್ನೂ ಸರಿ ಮಾಡಿಕೊಳ್ಳಬಹುದು.

ಹಂಚುವುದು ಯಾಕೆ ಮುಖ್ಯ ಎಂದು ಮೊದಲು ಹೇಳುತ್ತೇನೆ. ನಮ್ಮ ಉಡುಪಿ ಮಲ್ಲಿಗೆಯನ್ನು ಯಾರೂ ಬೀಜ ಬಿತ್ತಿ ಬೆಳೆಸುವುದಿಲ್ಲ. ಒಂದು ಗಿಡದ ಗೆಲ್ಲಿನಿಂದ ಇನ್ನೊಂದು ಗಿಡ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ. ಶಂಕರಪುರದ ಸುತ್ತಮುತ್ತ ಅಟ್ಟೆಗಟ್ಟಲೆ ಹೂ ಕೊಡುವ ಗಿಡಗಳೆಲ್ಲ ಹೀಗೇ ಬಂದದ್ದು. ಅಬ್ಬಲಿಗೆಯಲ್ಲೂ ಡೆಲ್ಲಿ ಎಂದು ಕರೆಯುವ ತಳಿ ಬೀಜ ಕಟ್ಟುವುದಿಲ್ಲ, ಗೆಲ್ಲಿನಿಂದಲೇ ಬೆಳೆಸಬೇಕು. ಇಂಥ ಗಿಡ ನಿಮ್ಮ ಮನೆಯಲ್ಲಿ ಮಾತ್ರ ಇದ್ದರೆ ಏನಾಗುತ್ತದೆ? ರಜೆಯಲ್ಲಿ ನೀವು ಒಂದು ತಿಂಗಳು ಊರಿಗೆ ಹೋಗುತ್ತೀರಿ. ನೀರು ಹಾಕುವವರು ಮರೆಯುತ್ತಾರೆ. ಕಥೆ ಮುಗಿಯಿತು. ಅದೇ ಗಿಡ ಕಟ್ಟಡದ ನಾಲ್ಕು ಮನೆಯಲ್ಲಿದ್ದರೆ ಒಂದು ಮನೆಯಿಂದ ವಾಪಸ್ ಬರುತ್ತದೆ. ಜಾಗವೇ ಇಲ್ಲದ ಈ ಊರಿನಲ್ಲಿ ಅಕ್ಕಪಕ್ಕದ ಬಾಲ್ಕನಿಗಳೇ ನಿಮ್ಮ ತೋಟದ ಉಳಿದ ಭಾಗ.

ಈಗ ಆ ಬಿಳಿ ಹುಳದ ವಿಷಯ. ಅದು ಹಿಟ್ಟು ತಿಗಣೆ, ನರ್ಸರಿಯವರು ಮೀಲಿಬಗ್ ಎನ್ನುತ್ತಾರೆ. ದಾಸವಾಳ ಅಂದರೆ ಇದಕ್ಕೆ ಬಹಳ ಇಷ್ಟ. ಎಲೆಯ ಕಂಕುಳು, ಮೊಗ್ಗಿನ ಬುಡ, ಚಿಗುರಿನ ಮಡಿಕೆ, ಇಂಥ ಕಡೆ ಅಡಗಿರುತ್ತದೆ. ಮರಿಗಳು ಎಷ್ಟು ಸಣ್ಣವೆಂದರೆ ಗಿಡ ಕೊಟ್ಟವರಿಗೂ ಕಂಡಿರುವುದಿಲ್ಲ. ಹಾಗಾಗಿ ಪಕ್ಕದ ಮನೆಯವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಆದರೆ ಅವರಿಗೆ ಹೇಳಲೇಬೇಕು. ಮರಿಗಳು ಗಾಳಿಯಲ್ಲಿ ತೇಲಿ ಬರುತ್ತವೆ, ಗೋಡೆಯ ಮೇಲಿನ ಇರುವೆಗಳು ಹೊತ್ತು ತರುತ್ತವೆ. ನೀವೊಬ್ಬರೇ ಔಷಧಿ ಹೊಡೆದರೆ ಸ್ವಲ್ಪ ದಿನ ಬಿಟ್ಟು ಮತ್ತೆ ಅವರ ಗ್ರಿಲ್‌ನಿಂದ ನಿಮ್ಮ ಗ್ರಿಲ್‌ಗೆ ಬರುತ್ತದೆ. "ನನ್ನ ಗಿಡಕ್ಕೆ ಹೀಗೆ ಹುಳ ಬಂದಿದೆ, ನಿಮ್ಮದನ್ನೂ ಒಮ್ಮೆ ನೋಡಿ, ಭಾನುವಾರ ಇಬ್ಬರೂ ಒಟ್ಟಿಗೆ ಬೇವಿನೆಣ್ಣೆ ಹೊಡೆಯೋಣ" ಎಂದರೆ ಯಾರಿಗೂ ಬೇಸರವಾಗುವುದಿಲ್ಲ. ಎಲ್ಲಿಂದ ಬಂತು ಎಂಬ ಮಾತೇ ಬೇಡ.

ಹೊಡೆಯುವ ಕ್ರಮ ಇಷ್ಟು. ಜಾಸ್ತಿ ಹಿಡಿದಿರುವ ತುದಿಗಳನ್ನು ಕತ್ತರಿಸಿ, ಕವರಿನಲ್ಲಿ ಗಟ್ಟಿಯಾಗಿ ಕಟ್ಟಿ ಕಸಕ್ಕೆ ಹಾಕಿ. ಗೊಬ್ಬರದ ಬುಟ್ಟಿಗೆ ಹಾಕಬೇಡಿ. ಉಳಿದದ್ದನ್ನು ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಅದು ನೀರಿನಲ್ಲಿ ಬೆರೆಯಲು 2 ಮಿಲಿ ಪಾತ್ರೆ ತೊಳೆಯುವ ದ್ರವ ಸೋಪು. ಸಂಜೆ ಹೊತ್ತು, ಎಲೆಯ ಅಡಿಭಾಗಕ್ಕೆ ಚೆನ್ನಾಗಿ ತಾಗುವಂತೆ ಹೊಡೆಯಿರಿ. ವಾರಕ್ಕೊಮ್ಮೆಯಂತೆ ಮೂರು ಸಲ. ಮೊಟ್ಟೆಯಿಂದ ಹೊಸ ಮರಿ ಬರುತ್ತಲೇ ಇರುವುದರಿಂದ ಒಂದೇ ಸಲಕ್ಕೆ ಬಿಟ್ಟರೆ ಪ್ರಯೋಜನವಿಲ್ಲ. ಇರುವೆಗಳನ್ನೂ ತಡೆಯಿರಿ. ಈ ತಿಗಣೆ ಬಿಡುವ ಸಿಹಿ ರಸಕ್ಕಾಗಿ ಇರುವೆಗಳು ಅದನ್ನು ಕಾಯುತ್ತವೆ. ಸ್ಟ್ಯಾಂಡಿನ ಕಾಲಿಗೆ ವ್ಯಾಸಲೀನ್ ಸವರಿದರೆ ಇರುವೆ ಹತ್ತುವುದಿಲ್ಲ.

ಅಂಗಡಿಯಿಂದ ಘಾಟು ಕೀಟನಾಶಕ ತಂದು ಹೊಡೆಯಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪಪ್ಪಾಯದ ಹಿಟ್ಟು ತಿಗಣೆ ಎಂಬ ಒಂದು ಜಾತಿ ನಮ್ಮ ದೇಶದ್ದೇ ಅಲ್ಲ. ಅದರ ಮೂಲ ಮೆಕ್ಸಿಕೋ ಕಡೆ. ಭಾರತದಲ್ಲಿ ಮೊದಲು ಕಂಡದ್ದು 2008ರಲ್ಲಿ ಕೊಯಮತ್ತೂರಿನಲ್ಲಿ. ಪಪ್ಪಾಯ, ಹಿಪ್ಪುನೇರಳೆ, ಮರಗೆಣಸು, ದಾಸವಾಳ ಎಲ್ಲಕ್ಕೂ ಹತ್ತಿ ರೈತರು ಕಂಗಾಲಾದರು. ಎಷ್ಟು ಔಷಧಿ ಹೊಡೆದರೂ ಮೈಮೇಲಿನ ಮೇಣದ ಪದರದಿಂದಾಗಿ ಅದು ಬಗ್ಗಲಿಲ್ಲ. ಕೊನೆಗೆ 2010ರಲ್ಲಿ ಬೆಂಗಳೂರಿನ ಕೀಟ ವಿಜ್ಞಾನಿಗಳು ಪೋರ್ಟೊ ರಿಕೊದಿಂದ ಮೂರು ಜಾತಿಯ ಪುಟಾಣಿ ಕಣಜಗಳನ್ನು ತರಿಸಿ, ಬೆಳೆಸಿ, ತೋಟಗಳಿಗೆ ಬಿಟ್ಟರು. ಈ ಕಣಜ ತಿಗಣೆಯ ದೇಹದೊಳಗೇ ಮೊಟ್ಟೆ ಇಡುತ್ತದೆ. ಹುಟ್ಟಿದ ಮರಿ ಒಳಗಿನಿಂದ ಅದನ್ನು ತಿಂದು ಹೊರಬರುತ್ತದೆ. ಲಕ್ಷಗಟ್ಟಲೆ ರೂಪಾಯಿಯ ಔಷಧಿ ಮಾಡದ ಕೆಲಸವನ್ನು ಆ ಕಣಜಗಳು ಮಾಡಿದವು. ಘಾಟು ಔಷಧಿ ಹೊಡೆದರೆ ಇಂಥ ಕಣಜಗಳೂ ಗುಲಗಂಜಿ ಹುಳಗಳೂ ಮೊದಲು ಸಾಯುತ್ತವೆ, ತಿಗಣೆ ಆಮೇಲೆ ಇನ್ನೂ ಜೋರಾಗಿ ಬರುತ್ತದೆ.

ಇನ್ನು ಮೇಲೆ ಯಾರು ಗಿಡ ಕೊಟ್ಟರೂ, ನರ್ಸರಿಯಿಂದ ತಂದರೂ, ನಿಮ್ಮ ತಾಯಿಯೇ ಕೊಟ್ಟರೂ ಮೂರು ವಾರ ಬೇರೆ ಇಡಿ. ಅಡುಗೆಮನೆಯ ಗ್ರಿಲ್‌ನಲ್ಲಿ ಬೆಳಕಿದ್ದರೆ ಅಲ್ಲೇ ಸಾಕು. ಅಷ್ಟು ದಿನದಲ್ಲಿ ಒಳಗಿದ್ದ ಮೊಟ್ಟೆ ಒಡೆದು ಹುಳ ಕಣ್ಣಿಗೆ ಕಾಣುವಷ್ಟು ಬೆಳೆಯುತ್ತದೆ. ಕಾಣದಿದ್ದರೆ ಬಾಲ್ಕನಿಗೆ ಸೇರಿಸಿ.

ಎಲೆಯ ಮೇಲಿನ ಹುಳ ಕಣ್ಣಿಗಾದರೂ ಬೀಳುತ್ತದೆ. ಮಣ್ಣಿನೊಳಗಿನದ್ದು ಬೀಳುವುದಿಲ್ಲ. ನನಗೆ ಜಾಸ್ತಿ ಚಿಂತೆ ಅದರದ್ದೇ. ಕುಂಡದ ಸಮೇತ ಗಿಡ ಕೊಡುವುದು ದೊಡ್ಡ ಮನಸ್ಸಿನ ಕೆಲಸ, ನಿಜ. ಆದರೆ ಆ ಮಣ್ಣಿನಲ್ಲಿ ಬೇರುಗಂಟು ಜಂತುಹುಳು ಇದ್ದರೆ ಅದೂ ಜೊತೆಗೆ ಹೋಗುತ್ತದೆ. ಬಸಳೆ, ಬದನೆ, ಬೆಂಡೆ, ಟೊಮ್ಯಾಟೊ ಇವಕ್ಕೆ ಇದು ಬೇಗ ಹಿಡಿಯುತ್ತದೆ. ನೀರು, ಗೊಬ್ಬರ ಎಲ್ಲ ಕೊಟ್ಟರೂ ಗಿಡ ಮಧ್ಯಾಹ್ನ ಬಾಡುತ್ತದೆ, ಎಲೆ ಹಳದಿಯಾಗುತ್ತದೆ, ಬೆಳೆಯುವುದೇ ಇಲ್ಲ. ಗೊಬ್ಬರ ಕಡಿಮೆಯಾಯಿತು ಎಂದು ನಾವು ಇನ್ನಷ್ಟು ಸುರಿಯುತ್ತೇವೆ. ಗಿಡ ಕಿತ್ತು ನೋಡಿದರೆ ಬೇರೇ ಊದಿಕೊಂಡು ಗಂಟುಗಂಟಾಗಿರುತ್ತದೆ. ಅಲಸಂಡೆಯ ಬೇರಿನಲ್ಲೂ ಗಂಟು ಇರುತ್ತದಲ್ವಾ, ಅದು ಬೇರೆ. ಅಲಸಂಡೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳಿನಿಂದ ಉಜ್ಜಿದರೆ ಉದುರುತ್ತದೆ. ಅದು ಗಿಡಕ್ಕೆ ಒಳ್ಳೆಯದು. ಜಂತುಹುಳುವಿನ ಗಂಟು ಉದುರುವುದಿಲ್ಲ, ಏಕೆಂದರೆ ಅಲ್ಲಿ ಬೇರೇ ದಪ್ಪವಾಗಿರುತ್ತದೆ. ಇಂಥ ಗಿಡವನ್ನು ಯಾರಿಗೂ ಕೊಡಬೇಡಿ. ಆ ಮಣ್ಣನ್ನು ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ತೆಳ್ಳಗೆ ತುಂಬಿ, ಬಾಯಿ ಕಟ್ಟಿ, ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲಿನಲ್ಲಿ ನಾಲ್ಕರಿಂದ ಆರು ವಾರ ತಾರಸಿಯ ಮೇಲಿಡಿ. ಒಳಗೆ ಏರುವ ಕಾವಿಗೆ ಹೆಚ್ಚಿನ ಜಂತುಹುಳು ಸಾಯುತ್ತವೆ.

ಮಣ್ಣಿನಲ್ಲಿ ಬರುವ ಇನ್ನೊಂದು ಶತ್ರು ಆಫ್ರಿಕಾದ ದೊಡ್ಡ ಬಸವನಹುಳು. ಮಳೆ ಶುರುವಾದ ಮೇಲೆ ಮುಂಬೈ, ಠಾಣೆ ಕಡೆಯ ಕಾಂಪೌಂಡ್ ಗೋಡೆಗಳ ಮೇಲೆ ರಾತ್ರಿ ಹೊತ್ತು ಹರಿದಾಡುವುದನ್ನು ನೀವೂ ನೋಡಿರಬಹುದು. ಇದನ್ನು 1847ರಲ್ಲಿ ವಿಲಿಯಂ ಬೆನ್ಸನ್ ಎಂಬುವರು ಮಾರಿಷಸ್‌ನಿಂದ ಕಲ್ಕತ್ತೆಗೆ ತಂದರು, ಅಲ್ಲಿನ ಒಂದು ತೋಟದಲ್ಲಿ ಬಿಟ್ಟರು. ಅಲ್ಲಿಂದ ದೇಶದ ತುಂಬ ಹರಡಿದೆ. ಒಂದು ಹುಳು ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆಯನ್ನು ಮಣ್ಣಿನೊಳಗೆ ಇಡುತ್ತದೆ. ಎರಡನೇ ಮಹಡಿಯ ನಿಮ್ಮ ಮನೆಗೆ ಅದು ಗೋಡೆ ಹತ್ತಿ ಬರುವುದಕ್ಕಿಂತ ನೆಲಮಹಡಿಯವರು ಕೊಟ್ಟ ಕುಂಡದ ಮಣ್ಣಿನಲ್ಲಿ ಬರುವ ಸಂಭವವೇ ಜಾಸ್ತಿ. ಕಂಡರೆ ಬರಿಗೈಯಲ್ಲಿ ಹಿಡಿಯಬೇಡಿ, ಮನುಷ್ಯರಿಗೆ ಕಾಯಿಲೆ ತರುವ ಒಂದು ಬಗೆಯ ಹುಳ ಅದರಲ್ಲಿ ಇರಬಹುದು. ಕೈಗೆ ಕವರ್ ಹಾಕಿ ಹೆಕ್ಕಿ, ದಪ್ಪ ಉಪ್ಪುನೀರಿನ ಡಬ್ಬಿಯಲ್ಲಿ ಹಾಕಿ. ಕುಂಡಕ್ಕೇ ಉಪ್ಪು ಸುರಿದರೆ ಗಿಡ ಹೋಗುತ್ತದೆ.

ಅದಕ್ಕೇ ನನ್ನ ನಿಯಮ ಇದು: ಕೊಡುವುದಿದ್ದರೆ ಗೆಲ್ಲು ಕೊಡಿ, ಬೀಜ ಕೊಡಿ, ಅಥವಾ ಹೊಸ ತೆಂಗಿನನಾರಿನ ಪುಡಿಯಲ್ಲಿ ಬೇರು ಬರಿಸಿದ ಸಸಿ ಕೊಡಿ. ಹಳೆಯ ಕುಂಡದ ಮಣ್ಣು ಮಾತ್ರ ಬೇಡ. ಬೇರುಸಹಿತ ಕೊಡಲೇಬೇಕೆಂದರೆ ಬೇರನ್ನು ಬಕೆಟ್ ನೀರಿನಲ್ಲಿ ಮೆತ್ತಗೆ ಅಲುಗಾಡಿಸಿ, ಮಣ್ಣು ಬಿಡಿಸಿ ಕೊಡಿ.

ಮಲ್ಲಿಗೆಗೆ ಬರೋಣ. ಇದು ನಿಮ್ಮ ಮುಖ್ಯ ನೋವು ಅಂತ ಕಾಣುತ್ತದೆ. ಕತ್ತರಿಸಿದ ಗೆಲ್ಲಿಗೆ ನೀರು ಹೀರಲು ಬೇರಿಲ್ಲ, ಎಲೆಯಿಂದ ನೀರು ಹೋಗುತ್ತಲೇ ಇರುತ್ತದೆ. ಮೇ ತಿಂಗಳ ಡೊಂಬಿವಲಿಯಲ್ಲಿ ಅದು ಎಷ್ಟು ದಿನ ತಾಳೀತು? ಮುಂಬೈಗೆ ಮಳೆ ಬರುವುದು ಸಾಮಾನ್ಯವಾಗಿ ಜೂನ್ ಎರಡನೇ ವಾರ. ಮಳೆ ಸರಿಯಾಗಿ ಹಿಡಿದು ಗಾಳಿಯಲ್ಲಿ ತೇವ ತುಂಬಿದ ಮೇಲೆ, ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಗೆಲ್ಲು ನೆಡಲು ಒಳ್ಳೆಯ ಕಾಲ. ತೀರಾ ಎಳೆಯದೂ ಅಲ್ಲದ, ಕಂದು ಕಟ್ಟಿಗೆಯಾಗಿಯೂ ಇಲ್ಲದ ಗೆಲ್ಲು ಆರಿಸಿ. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, ಮೂರು ನಾಲ್ಕು ಗೆಣ್ಣು ಇರಬೇಕು. ಕೆಳಗಿನ ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿ. ಮೇಲಿನ ಎರಡು ಎಲೆ ಬಿಟ್ಟು ಉಳಿದದ್ದು ತೆಗೆಯಿರಿ, ಆ ಎರಡನ್ನೂ ಅರ್ಧ ಕತ್ತರಿಸಿ. ಮೊಗ್ಗು ಇದ್ದರೆ ಕಿತ್ತು ಹಾಕಿ, ಮನಸ್ಸು ಬಾರದಿದ್ದರೂ ಕೀಳಿ. ಅರ್ಧ ತೆಂಗಿನನಾರಿನ ಪುಡಿ, ಅರ್ಧ ದಪ್ಪ ಮರಳು ಬೆರೆಸಿ ಎರಡು ಗೆಣ್ಣು ಒಳಗೆ ಹೋಗುವಂತೆ ನೆಡಿ. ಗೊಬ್ಬರ ಬೇಡ. ನೆರಳಿನಲ್ಲಿಡಿ, ನೇರ ಮಳೆ ಬೀಳದ ಕಡೆ. ನಾಲ್ಕರಿಂದ ಆರು ವಾರ ಬೇಕು. ಚಿಗುರು ಕಂಡ ಕೂಡಲೇ ಬೇರು ಬಂತು ಅಂದುಕೊಳ್ಳಬೇಡಿ. ಗೆಲ್ಲಿನೊಳಗೆ ಉಳಿದಿದ್ದ ಶಕ್ತಿಯಿಂದಲೇ ಮೊದಲ ಚಿಗುರು ಬರುತ್ತದೆ. ಎಷ್ಟೋ ಜನ ಆ ಚಿಗುರು ನೋಡಿ ಖುಷಿಯಿಂದ ಕಿತ್ತು ಬೇರೆ ಕುಂಡಕ್ಕೆ ಹಾಕುತ್ತಾರೆ, ಗೆಲ್ಲು ಸಾಯುತ್ತದೆ. ಕುಂಡದ ಅಡಿಯ ತೂತಿನಲ್ಲಿ ಬೇರು ಕಾಣುವವರೆಗೆ ಕಾಯಿರಿ.

ಇದಕ್ಕಿಂತ ಭರವಸೆಯ ದಾರಿ ಇನ್ನೊಂದಿದೆ, ಬಾಲ್ಕನಿಗೆ ಹೇಳಿ ಮಾಡಿಸಿದಂಥದ್ದು. ಮಲ್ಲಿಗೆಯ ಕೆಳಗಿನ ಉದ್ದ ಗೆಲ್ಲೊಂದನ್ನು ಪಕ್ಕದ ಸಣ್ಣ ಕುಂಡಕ್ಕೆ ಬಗ್ಗಿಸಿ. ಮಣ್ಣಿಗೆ ತಾಗುವ ಜಾಗದಲ್ಲಿ, ಗೆಣ್ಣಿನ ಅಡಿಗೆ, ಚಾಕುವಿನಿಂದ ಸಿಪ್ಪೆಯನ್ನು ಸ್ವಲ್ಪ ಕೆರೆಯಿರಿ. ಅದನ್ನು ಎರಡು ಇಂಚು ಒಳಗೆ ಹೂತು ಮೇಲೆ ಒಂದು ಕಲ್ಲಿಡಿ. ತುದಿ ಹೊರಗಿರಲಿ. ತಾಯಿಗಿಡ ಅದಕ್ಕೆ ನೀರು, ಆಹಾರ ಕೊಡುತ್ತಲೇ ಇರುತ್ತದೆ, ಹಾಗಾಗಿ ಒಣಗುವ ಭಯವಿಲ್ಲ. ಎರಡು ತಿಂಗಳ ಮೇಲೆ ಮೆತ್ತಗೆ ಎಳೆದು ನೋಡಿ. ಬಿಗಿಯಾಗಿ ಹಿಡಿದಿದ್ದರೆ ತಾಯಿಯ ಕಡೆಯಿಂದ ಕತ್ತರಿಸಿ. ಇನ್ನೂ ಹದಿನೈದು ದಿನ ನಿಮ್ಮ ಹತ್ತಿರವೇ ಇಟ್ಟುಕೊಂಡು ಆಮೇಲೆ ಕೊಡಿ. ಮಳೆಗಾಲದ ಶುರುವಿನಲ್ಲಿ ಮಾಡಿದರೆ ನವರಾತ್ರಿ ಹೊತ್ತಿಗೆ ಕೊಡಲು ಸಿದ್ಧವಾದ ಗಿಡ ಇರುತ್ತದೆ. ಅರಿಶಿನ ಕುಂಕುಮಕ್ಕೆ ಬಂದವರಿಗೆ ಪ್ಲಾಸ್ಟಿಕ್ ಡಬ್ಬಿ ಕೊಡುವ ಬದಲು ಇದನ್ನು ಕೊಟ್ಟರೆ ಎಷ್ಟು ಚೆನ್ನ!

ಎದುರಿನ ಫ್ಲ್ಯಾಟಿನಲ್ಲಿ ಬದುಕಿದ ಗಿಡ ಹೂ ಬಿಡದಿರುವುದು ಬಿಸಿಲಿನ ಪ್ರಶ್ನೆ. ನಿಮ್ಮದು ದಕ್ಷಿಣ ಬಾಲ್ಕನಿ ಎಂದರೆ ಅವರದು ಉತ್ತರ ಇರಬೇಕು. ಮುಂಬೈ ಕಡೆ ಸೂರ್ಯ ನೆತ್ತಿಯ ಮೇಲೆ ಬರುವುದು ಮೇ ನಡುವಿಗೆ ಒಮ್ಮೆ, ಜುಲೈ ಕೊನೆಗೆ ಇನ್ನೊಮ್ಮೆ. ಈ ಎರಡರ ನಡುವೆ ಮಾತ್ರ ನಡುಹಗಲಿನ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಆ ದಿನಗಳಲ್ಲಿ ಹೆಚ್ಚಾಗಿ ಮೋಡ. ವರ್ಷದ ಉಳಿದ ದಿನವೆಲ್ಲ ನಡುಹಗಲಿನ ಬಿಸಿಲು ದಕ್ಷಿಣದಿಂದ. ಅಂದರೆ ಉತ್ತರದ ಬಾಲ್ಕನಿಗೆ ಮಲ್ಲಿಗೆಗೆ ಬೇಕಾದ ಐದಾರು ಗಂಟೆಯ ಬಿಸಿಲು ಸಿಗುವುದೇ ಇಲ್ಲ. ಅವರಿಗೆ ಮಲ್ಲಿಗೆಯ ಬದಲು ದೊಡ್ಡಪತ್ರೆ, ಒಂದೆಲಗ, ವೀಳ್ಯದೆಲೆ ಕೊಡಿ. ಮೂರೂ ಕಡಿಮೆ ಬಿಸಿಲಿನಲ್ಲಿ ಚೆನ್ನಾಗಿ ಬರುತ್ತವೆ. ಅವರ ಮಲ್ಲಿಗೆಯನ್ನು ನೀವು ವಾಪಸ್ ಕೇಳಿ ತೆಗೆದುಕೊಂಡು ನಿಮ್ಮ ಬಾಲ್ಕನಿಯ ಅಂಚಿಗೆ, ಗ್ರಿಲ್‌ನ ಹತ್ತಿರ ಇಡಿ. ಒಳಗೆ ಗೋಡೆಯ ಪಕ್ಕ ಇಟ್ಟರೆ ಮೇಲಿನ ಮನೆಯ ಬಾಲ್ಕನಿ ಅಡ್ಡ ಬಂದು ದಕ್ಷಿಣದ ಬಿಸಿಲೂ ಸಿಗದು. ನವೆಂಬರ್ ಕೊನೆಗೆ ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಎರೆಗೊಬ್ಬರ ಕೊಡಿ. ಮಲ್ಲಿಗೆಯ ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ. ಬೇಸಿಗೆಗೆ ಹೂ ನೋಡಬಹುದು.

ಯಾರಿಗೆ ಏನು ಕೊಡಬೇಕು ಎಂದು ಯೋಚಿಸುವ ಮೊದಲು ಅವರ ಮನೆಯ ದಿಕ್ಕು ಕೇಳಿ. ಇದನ್ನು ನಾವು ಯಾರೂ ಮಾಡುವುದಿಲ್ಲ. ಗಿಡ ಚೆನ್ನಾಗಿದೆ ಅಂದರೆ ಸಾಕು, ಸುಮ್ನೆ ಕೊಟ್ಟುಬಿಡುತ್ತೇವೆ.

ಬಸಳೆ ಸುಲಭ. ಬಲಿತ ದಂಟು, ಮೂರು ಗೆಣ್ಣು, ಎಲೆ ತೆಗೆದು ನೆಟ್ಟರೆ ಮಳೆಗಾಲದಲ್ಲಿ ಹತ್ತು ಹದಿನೈದು ದಿನಕ್ಕೆ ಚಿಗುರುತ್ತದೆ. ಹಗಲು ಚಿಕ್ಕದಾಗುತ್ತಾ ಬಂದಾಗ ಅದು ಹೂ, ಕಾಯಿಗೆ ತಿರುಗುತ್ತದೆ, ಎಲೆ ಸಣ್ಣದಾಗುತ್ತದೆ. ಗಿಡಕ್ಕೆ ಏನೋ ಆಯಿತು ಎಂದು ಗಾಬರಿಯಾಗಬೇಡಿ. ಕಪ್ಪು ನೇರಳೆ ಬಣ್ಣಕ್ಕೆ ತಿರುಗಿದ ಕಾಯಿಗಳನ್ನು ತೆಗೆದು, ಹಿಸುಕಿ, ತೊಳೆದು, ಬೀಜ ಒಣಗಿಸಿಟ್ಟುಕೊಳ್ಳಿ. ಮರಾಠಿ ಮನೆಗೆ ಕೊಡುವಾಗ ಮಾಯಾಳು ಎಂದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ. ದೊಡ್ಡಪತ್ರೆಯ ಬಗ್ಗೆ ಹೇಳುವುದೇನೂ ಇಲ್ಲ, ಮುರಿದು ಊರಿದರೆ ಬರುತ್ತದೆ. ಮಳೆಯಲ್ಲಿ ನೀರು ನಿಂತರೆ ಕೊಳೆಯುತ್ತದೆ, ಅಷ್ಟೇ.

ಕರಿಬೇವು ಗೆಲ್ಲಿನಿಂದ ಬರುವುದು ಕಷ್ಟ. ಜನ ಒಂದಾದ ಮೇಲೊಂದು ಕಡ್ಡಿ ನೆಟ್ಟು ಸೋಲುತ್ತಾರೆ. ಹಣ್ಣಾಗಿ ಕಪ್ಪಾದ ಕಾಯಿಯನ್ನು ಸಿಪ್ಪೆ ತೆಗೆದು ನಾಲ್ಕೈದು ದಿನದೊಳಗೆ ಬಿತ್ತಿ. ಒಣಗಿಸಿ ಡಬ್ಬಿಯಲ್ಲಿಟ್ಟರೆ ಆ ಬೀಜ ಬೇಗ ಸಾಯುತ್ತದೆ. ಅಥವಾ ದೊಡ್ಡ ಗಿಡದ ಬುಡದಲ್ಲಿ ಬೇರಿನಿಂದ ಎದ್ದ ಮರಿಗಳನ್ನು ಸ್ವಲ್ಪ ಬೇರಿನ ಸಮೇತ ಮಳೆಗಾಲದಲ್ಲಿ ಬೇರ್ಪಡಿಸಿ. ನಿಂಬೆ ಗಿಡ ಪಕ್ಕದಲ್ಲಿದ್ದರೆ ಕರಿಬೇವಿನ ಎಲೆಯ ಹಿಂದೆ ನೋಡುತ್ತಿರಿ. ನಿಂಬೆಗೆ ಕಾಯಿಲೆ ಹರಡುವ ಸಣ್ಣ ಜಿಗಿಹುಳು ಕರಿಬೇವಿನ ಚಿಗುರಿನಲ್ಲೂ ಬದುಕುತ್ತದೆ. ಆದರೆ ಹಕ್ಕಿ ಹಿಕ್ಕೆಯಂತೆ ಕಾಣುವ ಕಂಬಳಿಹುಳ ಕಂಡರೆ ಕೊಲ್ಲಬೇಡಿ. ಅದು ಚಿಟ್ಟೆಯ ಮರಿ. ನಾಲ್ಕು ಎಲೆ ತಿಂದುಕೊಳ್ಳಲಿ.

ಕೆಲವರು ಗೆಲ್ಲನ್ನು ಬಾಟಲಿಯ ನೀರಿನಲ್ಲಿಟ್ಟು ಬೇರು ಬರಿಸುತ್ತಾರೆ. ತಪ್ಪಿಲ್ಲ, ಆದರೆ ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಕುಂಡದ ಅಡಿಯ ತಟ್ಟೆಗೂ ಇದೇ ಮಾತು. ಮಳೆಗಾಲದಲ್ಲಿ ತಟ್ಟೆ ತೆಗೆದೇ ಬಿಡಿ.

ನಿಮ್ಮ ಕಡೆಯ ಗೆಲ್ಲು ಬೇರು ಬಿಟ್ಟ ಮೇಲೂ ಪಡೆದವರ ಮನೆಯಲ್ಲಿ ಸಾಯಲು ಇನ್ನೊಂದು ಕಾರಣ ಇಲ್ಲಿನ ಲಾಲ್ ಮಿಟ್ಟಿ. ನರ್ಸರಿಯವರು ಚೀಲದಲ್ಲಿ ಕೊಡುವ ಈ ಕೆಂಪು ಮಣ್ಣನ್ನು ಮಾತ್ರ ತುಂಬಿದರೆ ಒದ್ದೆಯಾದಾಗ ಅಂಟು, ಒಣಗಿದಾಗ ಇಟ್ಟಿಗೆ. ಮಣ್ಣು ಒಂದು ಪಾಲು, ಎರೆಗೊಬ್ಬರ ಒಂದು ಪಾಲು, ತೆಂಗಿನನಾರಿನ ಪುಡಿ ಒಂದು ಪಾಲು ಬೆರೆಸಲು ಹೇಳಿ. ಕುಂಡದ ಅಡಿಯ ಮೂರನೇ ಒಂದು ಭಾಗಕ್ಕೆ ಕಬ್ಬಿನ ಹಾಲಿನ ಅಂಗಡಿಯಲ್ಲಿ ಬಿಸಾಡುವ ಸಿಪ್ಪೆಯನ್ನು ಒಣಗಿಸಿ, ಸಣ್ಣಗೆ ಕತ್ತರಿಸಿ ಹಾಕಬಹುದು. ಮುಂಬೈಯಲ್ಲಿ ತಾರಸಿ ಕೃಷಿಯನ್ನು ಜನರಿಗೆ ಹೇಳಿಕೊಟ್ಟ ಡಾ. ಆರ್. ಟಿ. ದೋಶಿ ಈ ಕಬ್ಬಿನ ಸಿಪ್ಪೆಯನ್ನೇ ನೆಚ್ಚಿಕೊಂಡಿದ್ದರು. ಕುಂಡ ಹಗುರವಾಗುತ್ತದೆ, ನೀರು ಬಸಿಯುತ್ತದೆ, ಕೊಳೆತ ಮೇಲೆ ಅದೇ ಗೊಬ್ಬರ. ಹಗುರವಾದ ಕುಂಡ ಗ್ರಿಲ್‌ಗೂ ಒಳ್ಳೆಯದು.

ಮಟ್ಟು ಗುಳ್ಳದ ಬೀಜ ಖಂಡಿತ ತನ್ನಿ. ಸೋದೆ ಮಠದ ವಾದಿರಾಜರು ಬೀಜ ಕೊಟ್ಟು ಬೆಳೆಯಲು ಹೇಳಿದರು ಎಂದು ಮಟ್ಟುವಿನ ಜನ ಇವತ್ತಿಗೂ ಹೇಳುತ್ತಾರೆ. ಉಡುಪಿಯ ಪರ್ಯಾಯಕ್ಕೆ ಅಲ್ಲಿಂದ ಗುಳ್ಳ ಹೊರೆಕಾಣಿಕೆಯಾಗಿ ಹೋಗುತ್ತದೆ. ಯಾರೋ ಕೊಟ್ಟ ಬೀಜವನ್ನು ಒಂದು ಊರೇ ತಲೆಮಾರುಗಳ ಕಾಲ ಕೆಡದಂತೆ ಕಾಪಾಡಿಕೊಂಡು ಬಂದಿದೆ. ಕೆಡದಂತೆ ಎನ್ನುವುದು ಇಲ್ಲಿ ಮುಖ್ಯ. ಬದನೆ ತನ್ನ ಹೂವಿನ ಪರಾಗದಿಂದಲೇ ಹೆಚ್ಚಾಗಿ ಕಾಯಿ ಕಟ್ಟುತ್ತದೆ, ನಿಜ. ಆದರೆ ಪಕ್ಕದಲ್ಲಿ ಬೇರೆ ಬದನೆ ಇದ್ದರೆ ಜೇನು, ದುಂಬಿ ಪರಾಗ ಬೆರೆಸಿಬಿಡುತ್ತವೆ. ಆ ವರ್ಷದ ಕಾಯಿ ಗುಳ್ಳವೇ ಆಗಿರುತ್ತದೆ, ಅದರ ಬೀಜದಿಂದ ಬರುವ ಗಿಡದಲ್ಲಿ ಬೇರೆಯೇ ಕಾಯಿ. ಬೀಜಕ್ಕೆ ಬಿಡುವ ಎರಡು ಮೂರು ಹೂಗಳಿಗೆ ಮೊಗ್ಗಿರುವಾಗಲೇ ತೆಳು ಬಟ್ಟೆಯ ಚೀಲ ಕಟ್ಟಿ, ದಿನಾ ಬೆಳಿಗ್ಗೆ ಮೆಲ್ಲಗೆ ಅಲುಗಾಡಿಸಿ. ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು ದಾರದ ಗುರುತು ಹಾಕಿ. ಅದು ಗಿಡದಲ್ಲೇ ಹಳದಿಯಾಗಿ ಮೆತ್ತಗಾಗುವವರೆಗೆ ಕೀಳಬೇಡಿ. ಬಿತ್ತುವುದು ಮಳೆ ಕಡಿಮೆಯಾದ ಮೇಲೆ, ಸೆಪ್ಟೆಂಬರ್‌ನಲ್ಲಿ. ಮಟ್ಟುವಿನ ಮರಳು ಮಣ್ಣು, ಕಡಲ ಗಾಳಿ ಇಲ್ಲಿಲ್ಲ, ರುಚಿಯಲ್ಲಿ ಸ್ವಲ್ಪ ವ್ಯತ್ಯಾಸ ಬಂದೀತು. ಭೌಗೋಳಿಕ ಸೂಚ್ಯಂಕ ಇರುವುದರಿಂದ ಇಲ್ಲಿ ಬೆಳೆದದ್ದನ್ನು ಆ ಹೆಸರಿನಲ್ಲಿ ಮಾರುವ ಹಾಗಿಲ್ಲ. ಮನೆಯ ಹುಳಿಗೆ ಯಾರ ಅಡ್ಡಿಯೂ ಇಲ್ಲ. ನಾಟಿ ಬೀಜ ಕೂಡಿಡುವುದು, ಹಂಚುವುದು ನಮ್ಮ ಹಕ್ಕಿನೊಳಗೇ ಬರುತ್ತದೆ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ಬೆಳೆಗಾರರಿಗೆ ಬೀಜ ಉಳಿಸಿಕೊಳ್ಳುವ, ಬದಲಾಯಿಸಿಕೊಳ್ಳುವ, ಹಂಚುವ ಅವಕಾಶ ಕೊಟ್ಟಿದೆ. ಅಂಗಡಿಯ ಹೈಬ್ರಿಡ್ ಪೊಟ್ಟಣದ ಗಿಡದಿಂದ ಬೀಜ ತೆಗೆದು ಹಂಚುವುದು ಮಾತ್ರ ವ್ಯರ್ಥ. ಮುಂದಿನ ತಲೆಮಾರಿನ ಗಿಡಗಳು ತಾಯಿಯಂತೆ ಇರುವುದಿಲ್ಲ.

ಬೀಜ ಇಡುವುದೇ ಮುಂಬೈ ಕಡೆ ದೊಡ್ಡ ಸವಾಲು. ಬೀಜಶಾಸ್ತ್ರದಲ್ಲಿ ಹ್ಯಾರಿಂಗ್ಟನ್ ಎಂಬುವರು ಹೇಳಿದ ಒಂದು ಸರಳ ಲೆಕ್ಕವಿದೆ. ಬೀಜದ ತೇವ ಶೇಕಡಾ 1 ಕಡಿಮೆಯಾದರೆ ಅದರ ಆಯುಸ್ಸು ಸುಮಾರು ಎರಡು ಪಟ್ಟಾಗುತ್ತದೆ. ಇಟ್ಟ ಜಾಗದ ಬಿಸಿ 5 ಡಿಗ್ರಿ ಇಳಿದರೂ ಹಾಗೇ. ಇಲ್ಲಿನ ಮಳೆಗಾಲದಲ್ಲಿ ಕಾಗದದ ಪೊಟ್ಟಣದಲ್ಲಿಟ್ಟ ಬೀಜ ಗಾಳಿಯ ತೇವ ಹೀರಿ ಸಾಯುತ್ತದೆ. ನೆರಳಿನಲ್ಲಿ ಒಂದು ವಾರ ಒಣಗಿಸಿ. ಗಾಜಿನ ಬಾಟಲಿಯಲ್ಲಿ ಹುರಿದು ಆರಿಸಿದ ಅಕ್ಕಿಯನ್ನು ಎರಡು ಬೆರಳಷ್ಟು ಹಾಕಿ. ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಅದರ ಮೇಲಿಡಿ. ಮುಚ್ಚಳ ಬಿಗಿ ಮಾಡಿ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಹೊರಗೆ ತೆಗೆದಾಗ ಬಾಟಲಿ ಮಾಮೂಲಿ ಬಿಸಿಗೆ ಬಂದ ಮೇಲೆಯೇ ಮುಚ್ಚಳ ತೆಗೆಯಿರಿ. ಇಲ್ಲದಿದ್ದರೆ ತಣ್ಣಗಿನ ಬೀಜದ ಮೇಲೆ ಹನಿ ಕೂರುತ್ತದೆ.

ಕೊಡುವಾಗ ಒಂದು ಚೀಟಿ ಅಂಟಿಸಿ. ಗಿಡದ ಹೆಸರು, ನೆಟ್ಟ ತಿಂಗಳು, ಎಷ್ಟು ಬಿಸಿಲು, ತಿನ್ನಬಹುದೋ ಇಲ್ಲವೋ. ಕಣಗಿಲೆ ಕೊಡುವುದಿದ್ದರೆ ಅದು ವಿಷ ಎಂದು ಬಾಯಿಬಿಟ್ಟು ಹೇಳಿ. ಮಕ್ಕಳಿರುವ ಮನೆಗೆ ಕೊಡಲೇಬೇಡಿ. ಪತ್ರೊಡೆಯ ಕೆಸುವಿನ ಗೆಡ್ಡೆ ಕೊಡುವಾಗ ನೀವು ಮಾಡಿ ತಿಂದ ಗಿಡದ್ದೇ ಕೊಡಿ, ಕಾಡು ಕೆಸುವಿನ ತುರಿಕೆ ಯಾರಿಗೂ ಬೇಡ. ಕದ್ದು ತಂದ ಗಿಡ ಚೆನ್ನಾಗಿ ಬೆಳೆಯುತ್ತದೆ ಎಂಬ ಮಾತನ್ನು ನಂಬಿ ಸೊಸೈಟಿ ತೋಟದಲ್ಲಿ ರಾತ್ರಿ ಗೆಲ್ಲು ಮುರಿಯುವವರಿದ್ದಾರೆ. ಕೈಯಿಂದ ಸೀಳಿದ ಗಾಯದಲ್ಲಿ ಮಳೆನೀರು ಸೇರಿ ತಾಯಿಗಿಡವೇ ಕೊಳೆಯುತ್ತದೆ. ಕೇಳಿದರೆ ಮಾಲಿಯೇ ಕತ್ತರಿ ಹಿಡಿದು ಕೊಡುತ್ತಾನಲ್ವಾ.

ಊರಿಂದ ಮತ್ಸ್ಯಗಂಧ ರೈಲಿನಲ್ಲಿ ತರುವಾಗ ಹೊರಡುವ ದಿನವೇ ಗೆಲ್ಲು ಕತ್ತರಿಸಿ. ಎಲೆ, ಹೂ ತೆಗೆದು, ಒದ್ದೆ ಪೇಪರಿನಲ್ಲೋ ಬಾಳೆಪಟ್ಟೆಯಲ್ಲೋ ಸುತ್ತಿ, ಬಾಯಿ ಸ್ವಲ್ಪ ತೆರೆದ ಕವರಿನಲ್ಲಿಡಿ. ಒಂದು ರಾತ್ರಿಯ ಪ್ರಯಾಣ ಅವು ಆರಾಮಾಗಿ ತಾಳುತ್ತವೆ. ಹಟ್ಟಿಯ ಮಣ್ಣು, ಗೊಬ್ಬರ ಗಂಟು ಕಟ್ಟಿ ತರಬೇಡಿ. ಮೇ ತಿಂಗಳಲ್ಲೇ ಹೋಗುವುದು ಅನಿವಾರ್ಯವಾದರೆ ಬೀಜ, ಗೆಡ್ಡೆ ಮಾತ್ರ ತನ್ನಿ. ಮಲ್ಲಿಗೆಯ ಗೆಲ್ಲನ್ನು ಅಲ್ಲೇ ತಾಯಿಮನೆಯಲ್ಲಿ ಬಗ್ಗಿಸಿ ಹೂತು ಬನ್ನಿ, ಮುಂದಿನ ಸಲ ಬೇರು ಬಿಟ್ಟ ಗಿಡವನ್ನೇ ತರಬಹುದು.

ಮಗಳಿಗೆ ದುಬೈಯಿಂದ ಗಿಡ ತರಬೇಡ ಎಂದು ಹೇಳಿ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಹೊರದೇಶದಿಂದ ಗಿಡ, ಗೆಲ್ಲು ಅಥವಾ ಬಿತ್ತುವ ಬೀಜ ತರಲು ಮೊದಲೇ ಪರವಾನಗಿ ಬೇಕು. ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಬ್ಯಾಗಿನಲ್ಲಿ ಅಡಗಿಸಿ ತಂದರೆ ಪಪ್ಪಾಯದ ತಿಗಣೆಯಂಥದ್ದೇ ಇನ್ನೊಂದು ಜೊತೆಗೆ ಬರಬಹುದು, ಅದರ ಕಣಜ ನಮ್ಮಲ್ಲಿ ಇರುವುದಿಲ್ಲ. ಹೊಸ ಹೂಗಿಡ ನೋಡುವ ಆಸೆಯಿದ್ದರೆ ಚಳಿಗಾಲದಲ್ಲಿ ಭಾಯ್ಖಳಾದ ರಾಣಿಬಾಗ್‌ನಲ್ಲಿ ಮಹಾನಗರ ಪಾಲಿಕೆಯ ಹೂಗಿಡಗಳ ಪ್ರದರ್ಶನ ನಡೆಯುತ್ತದೆ. ಮಗಳು ಆ ಹೊತ್ತಿಗೆ ರಜೆಯಲ್ಲಿ ಬಂದರೆ ಇಬ್ಬರೂ ಒಟ್ಟಿಗೆ ಹೋಗಿ ಬನ್ನಿ. ಪಕ್ಕದ ಮನೆಯವರನ್ನೂ ಕರೆಯಿರಿ.